ದೊಡ್ಡಮ್ಮ ಓದಿದ ನದಿಗಳು

ಹೊಸ ಅಟ್ಲಾಸಿಗೆ ಅದರದೇ ಒಂದು ವಾಸನೆ ಇರುತ್ತದೆ, ನೀವೂ ಮೂಸಿರುತ್ತೀರಿ. ಮಸಿ, ಅಂಟು, ನುಣುಪು ಕಾಗದ ಮೂರೂ ಬೆರೆತು ಮೂಗಿಗೆ ಅಡರುವ ಆ ಘಾಟನ್ನು ಕೆಟ್ಟದ್ದೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕಳೆದ ತಿಂಗಳು ನಮ್ಮ ಶಾಲೆಯ ಗ್ರಂಥಾಲಯಕ್ಕೆಂದು ಮಂಡ್ಯದ ಪುಸ್ತಕದಂಗಡಿಯಲ್ಲಿ ಒಂದನ್ನು ತೆರೆದೆ. ಆಫ್ರಿಕದ ಪುಟ ಬಂತು. ನೀಲಿ ದಾರದಂಥ ನೈಲ್ ನದಿ ಕೆಳಗಿನಿಂದ ಮೇಲಕ್ಕೆ ಹೊರಟಿತ್ತು. ಅಂಗಡಿಯವನು ಬೆಲೆ ಹೇಳುತ್ತಲೇ ಇದ್ದ, ನಾನು ನಗುತ್ತ ನಿಂತಿದ್ದೆ. ‘ಯಾಕೆ ಮೇಡಂ, ಪುಟ ಅದಲುಬದಲಾಗಿದೆಯಾ?’ ಎಂದ. ಇಲ್ಲಪ್ಪ, ನಮ್ಮ ದೊಡ್ಡಮ್ಮ ನೆನಪಾದಳು ಎಂದರೆ ಅವನಿಗೇನು ತಿಳಿಯಬೇಕು?

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹೆಸರು ಚಿಕ್ಕತಾಯಮ್ಮ. ಸಂಬಂಧದಲ್ಲಿ ದೊಡ್ಡವಳು, ಹೆಸರಿನಲ್ಲಿ ಚಿಕ್ಕವಳು, ಗಂಟಲಿನಲ್ಲಿ ಮಾತ್ರ ಊರಿಗೇ ದೊಡ್ಡವಳು. ಮಳವಳ್ಳಿ ಕಡೆಯ ಪೂರಿಗಾಲಿಯಿಂದಾಚೆಗೆ ಎರಡು ಮೈಲಿ ನಡೆದರೆ ಸಿಗುವ ಒಂದು ಸಣ್ಣ ಊರಿಗೆ ಅವಳನ್ನು ಕೊಟ್ಟಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಸಮಾಜ ಎರಡೂ ಕೈಕೊಟ್ಟ ವರ್ಷವೇ ಮದುವೆ. ನಾನು ಹೇಳುವ ಹೊತ್ತಿಗೆ ಅವಳಿಗೆ ನಲವತ್ತು ದಾಟಿತ್ತು. ದೊಡ್ಡಪ್ಪ ಸಾಧು ಮನುಷ್ಯ. ಮನೆಗೆ ಯಾರು ಬಂದರೂ ಕಾಫಿ ಕೊಡಿಸಿ, ಮಾತಾಡುವ ಕೆಲಸವನ್ನು ಹೆಂಡತಿಗೆ ವಹಿಸಿ, ಹಸುಗಳ ಕಡೆಗೆ ನಡೆದುಬಿಡುತ್ತಿದ್ದರು.

ನಾವಿದ್ದದ್ದು ಮಂಡ್ಯದ ಗುತ್ತಲಿನಲ್ಲಿ. ದಸರಾ ರಜೆ ಬಂತೆಂದರೆ ಅಪ್ಪ ನನ್ನನ್ನು ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಹತ್ತಿಸುತ್ತಿದ್ದರು. ಹತ್ತನೇ ಕ್ಲಾಸಿನ ರಜೆಯಲ್ಲಂತೂ ನಾನು ಚೀಲದ ತುಂಬ ಪುಸ್ತಕ ಹೊತ್ತು, ತರಗತಿಗೇ ಮೊದಲಿಗಳೆಂಬ ಜಂಬವನ್ನು ಅದರ ಮೇಲೆ ಹೊತ್ತು ಹೋಗಿದ್ದೆ.

ಹೋದ ಮೂರನೆಯ ದಿನ ಊರಿನ ಅರಳಿಕಟ್ಟೆಯ ಹತ್ತಿರ ಸಭೆ. ನಾಲೆಯ ಸಾಹೇಬರು ಬಂದಿದ್ದರು. ದೊಡ್ಡಮ್ಮನ ಊರು ಕಿರುಗಾಲುವೆಯ ಕಟ್ಟಕಡೆಯ ಊರು. ಗದ್ದೆಗಳಲ್ಲಿ ಬತ್ತ ಹೊಡೆ ಬಿಚ್ಚುವ ಸಮಯ, ಆಗ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಹದಿನೈದು ದಿನದಿಂದ ಕಾಲುವೆಯಲ್ಲಿ ಕಪ್ಪೆ ಕೂರುವಷ್ಟೂ ನೀರಿರಲಿಲ್ಲ. ಸಾಹೇಬರು ಜೀಪಿನ ಮುಂಭಾಗದ ಮೇಲೆ ಒಂದು ನಕ್ಷೆ ಹರಡಿಕೊಂಡು, ‘ನೋಡಿ, ನಿಮ್ಮೂರು ಎತ್ತರದಲ್ಲಿದೆ. ನೀರು ಮೇಲಕ್ಕೆ ಹತ್ತುತ್ತಾ? ನಾವಾದರೂ ಏನು ಮಾಡೋಕಾಗುತ್ತೆ?’ ಎಂದರು.

ಗಂಡಸರೆಲ್ಲ ಹೌದೌದು ಎಂಬಂತೆ ತಲೆಯಾಡಿಸಿದರು. ಹಿಂದುಗಡೆ ನಿಂತಿದ್ದ ದೊಡ್ಡಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

‘ಎತ್ತರ ಎಲ್ಲದೆ? ವಸಿ ಅದ್ರಲ್ಲಿ ತೋರ್ಸಿ ಸ್ವಾಮಿ.’

ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ಅವಳ ಸೆರಗಿಗೆ ಅಂಟಿದ್ದ ಹಸಿಹುಲ್ಲನ್ನು ನೋಡಿದರು. ‘ಇದು ಮ್ಯಾಪು ಕಣಮ್ಮ. ನಿಮಗೆಲ್ಲ ಅರ್ಥವಾಗೋದಿಲ್ಲ ಬಿಡಿ.’

ಯಾರೋ ನಕ್ಕರು. ಒಬ್ಬ ನಕ್ಕ ಮೇಲೆ ನಗುವುದು ಎಷ್ಟು ಸುಲಭವೆಂದು ನಿಮಗೆ ಗೊತ್ತೇ ಇದೆ, ಇಡೀ ಸಭೆ ನಕ್ಕಿತು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ಮನೆಗೆ ಬಂದ ದೊಡ್ಡಮ್ಮ ಬೈಯಲಿಲ್ಲ, ಅಳಲಿಲ್ಲ. ಮುದ್ದೆ ತೊಳಸಿದಳು. ಆ ದಿನ ಅವಳು ಕೋಲು ತಿರುಗಿಸಿದ ರಭಸಕ್ಕೆ ಹಿಟ್ಟಿನಲ್ಲಿ ಒಂದು ಗಂಟೂ ಉಳಿಯಲಿಲ್ಲ. ನನ್ನ ತಟ್ಟೆಗೆ ಮುದ್ದೆ ಹಾಕಿ ಬಸ್ಸಾರು ಬಿಟ್ಟು ಎದುರಿಗೆ ಕೂತಳು.

‘ಮಗ, ನಿಂಗೆ ಮ್ಯಾಪು ಓದಾಕೆ ಬತ್ತದಾ?’

‘ಬರುತ್ತೆ ದೊಡ್ಡಮ್ಮ.’

‘ಅಂಗಾರೆ ನಂಗೂ ಯೇಳ್ಕೊಡು. ನಾಳಿಂದ್ಲೇಯ.’

ನನ್ನ ಹತ್ತಿರ ನಾಲೆಯ ನಕ್ಷೆ ಎಲ್ಲಿಂದ ಬರಬೇಕು? ಇದ್ದದ್ದು ಒಂದು ಹಳೆಯ ಅಟ್ಲಾಸು. ನೀರಿನ ವಿಷಯವಲ್ಲವೇ, ನದಿಗಳಿಂದ ಶುರು ಮಾಡೋಣ ಎಂದುಕೊಂಡೆ. ಗಂಗಾ, ಗೋದಾವರಿ, ಕಾವೇರಿ ಎರಡೇ ದಿನದಲ್ಲಿ ಮುಗಿದವು. ಮೂರನೆಯ ದಿನ ಅವಳೇ ಪುಟ ತಿರುವಿ ಲೋಕದ ನಕ್ಷೆಗೆ ಬಂದು, ‘ಇವೆಲ್ಲ ಯಾವ್ಯಾವು?’ ಎಂದಳು.

‘ಅವು ಪರೀಕ್ಷೆಗೆ ಬರಲ್ಲ ದೊಡ್ಡಮ್ಮ.’

‘ಬರ್ದಿದ್ರೆ ಓಗ್ಲಿ. ಬ್ಯಾರೆ ಕಡೆ ನೀರು ಯಂಗ್ ಓಯ್ತದೆ ಅಂತ ತಿಳ್ಕಬ್ಯಾಡ್ವಾ?’

ನೈಲ್ ನದಿಗೆ ಬಂದೆವು. ಕೆಳಗೆ ಸರೋವರಗಳ ಹತ್ತಿರ ಹುಟ್ಟಿ ಮೇಲೆ ಸಮುದ್ರ ಸೇರುತ್ತದೆ ಎಂದು ನಾನು ಬೆರಳು ಆಡಿಸಿದೆ. ದೊಡ್ಡಮ್ಮ ನನ್ನ ಬೆರಳನ್ನು ಹಿಡಿದು ನಿಲ್ಲಿಸಿದಳು.

‘ತಡಿ ತಡಿ. ಕೆಳಗಿಂದ ಮ್ಯಾಕ್ಕೆ ಅರೀತದಾ ನೀರು?’

‘ಕಾಗದದಲ್ಲಿ ಮೇಲಿದ್ದರೆ ಎತ್ತರ ಅಂತಲ್ಲ ದೊಡ್ಡಮ್ಮ. ಮೇಲುಗಡೆ ಅಂದರೆ ಉತ್ತರ, ಅಷ್ಟೆ.’

ಅವಳು ತಾನೇ ಆ ಗೆರೆಯ ಮೇಲೆ ಒಮ್ಮೆ ಬೆರಳು ಆಡಿಸಿದಳು. ‘ಎತ್ತರ ಅಂತ ಯೇಳೋಕೆ ಬ್ಯಾರೆ ಗುರ್ತು ಇರ್ಬೇಕಲ್ಲ ಅಂಗಾರೆ?’ ಎಂದಳು. ಇದೆ ಎಂದೆ. ಹಸಿರು ತಗ್ಗು, ಕಂದು ಎತ್ತರ, ಪಕ್ಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಎಂದು ಅಂಕಿ ಬರೆದಿರುತ್ತಾರೆ ಎಂದು ವಿವರಿಸಿದೆ. ‘ಕಾಣ್ದೆ ಇರೋ ಸಮುದ್ರದಿಂದ ನಮ್ಮೂರ್ನ ಅಳೀತಾರಾ! ಪರ್ವಾಗಿಲ್ಲ ಕಣ್ಲಾ!’ ಎಂದು ಅಲ್ಲಿಲ್ಲದ ಯಾರನ್ನೋ ಮೆಚ್ಚಿಕೊಂಡಳು.

ಮುಂದಿನ ದಿನಗಳಲ್ಲಿ ನನ್ನ ಜಂಬ ಇಳಿಯತೊಡಗಿತು. ನಾನು ನದಿಗಳ ಉದ್ದವನ್ನು ಬಾಯಿಪಾಠ ಮಾಡಿದ್ದೆ, ಅವಳು ಕೇಳುತ್ತಿದ್ದದ್ದು ಬೇರೆಯೇ. ಡ್ಯಾನ್ಯೂಬ್ ಹತ್ತು ದೇಶಗಳನ್ನು ಹಾದುಹೋಗುತ್ತದೆ ಎಂದರೆ, ‘ಅಷ್ಟೂ ದೇಸದೋರು ಒಬ್ರಿಗೊಬ್ರು ನೀರು ಬುಟ್ಕೊಟ್ಟವ್ರಾ? ಜಗಳ ಇಲ್ವಾ?’ ಎನ್ನುವಳು. ಗೊತ್ತಿಲ್ಲ. ಕಾಂಗೋ ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ ಎಂದರೆ, ‘ಏನ್ ಮರ್ತೋಗಿತ್ತಂತೆ, ವಾಪಸ್ ಬಂದದ್ದು?’ ಅದೂ ಗೊತ್ತಿಲ್ಲ. ವೋಲ್ಗಾ ಕೊನೆಗೆ ಸೇರುವುದು ಕ್ಯಾಸ್ಪಿಯನ್ ಎಂಬ ದೊಡ್ಡ ಕೆರೆಗೆ, ಒಕವಾಂಗೋ ಅದೂ ಇಲ್ಲದೆ ಮರುಭೂಮಿಯಲ್ಲಿ ಹರಡಿಕೊಂಡು ಇಂಗಿಹೋಗುತ್ತದೆ ಎಂದಾಗ ಅವಳು ಪುಟದ ಮೇಲೆ ಬಗ್ಗಿದಳು.

‘ಅಲ್ಲಿ ಕೊನೇಲಿ ಜನ ಅವ್ರಾ?’

‘ಜನ, ಆನೆ, ಪ್ರಾಣಿ ಎಲ್ಲಾ ಇವೆಯಂತೆ. ಆ ನೀರಿಗೇ ಕಾಯುತ್ತಾವಂತೆ.’

‘ಬತ್ತದಾ?’

‘ವರ್ಷಾವರ್ಷ ಬರುತ್ತಂತೆ.’

‘ಮರುಭೂಮಿಗೇ ಬತ್ತದೆ. ನಮ್ಮೂರಿಗೆ ಬರಾಕೆ ಏನ್ ರೋಗ?’

ಅಲ್ಲಿಂದಾಚೆಗೆ ಅಂಗಳದ ರಂಗೋಲಿ ಬದಲಾಯಿತು. ಚುಕ್ಕಿಯಿಲ್ಲ, ಎಳೆಯಿಲ್ಲ. ಬೆಳಿಗ್ಗೆ ಎದ್ದರೆ ಹೊಸ್ತಿಲ ಮುಂದೆ ಒಂದು ನದಿ ಬಿದ್ದಿರುತ್ತಿತ್ತು, ಉಪನದಿಗಳ ಸಮೇತ. ಎದುರುಮನೆ ಸಣ್ಣಮ್ಮ ನೀರು ತರಲು ಹೋಗುತ್ತ ನಿಂತು, ‘ಇದ್ಯಾವ ರಂಗೋಲಿ ಕಣಕ್ಕ, ಮರ ಬಿದ್ದಂಗದೆ?’ ಎಂದಳು. ‘ಅಮೆಜಾನು ಕಣಮ್ಮ. ತುಳೀಬ್ಯಾಡ, ಸುತ್ಕಂಡ್ ಓಗು,’ ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗಿದಳು. ಚಿಕ್ಕತಾಯಮ್ಮನಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮಾತಾಯಿತು. ದೊಡ್ಡಪ್ಪನಿಗೆ ಯಾರೋ ಹಾಗೆಂದು ಹೇಳಿದರೆ ಅವರು, ‘ಇರ್ಬೋದು’ ಎಂದು ಹಸುಗಳ ಕಡೆಗೆ ನಡೆದರಂತೆ.

ಆ ವರ್ಷ ಬತ್ತದಲ್ಲಿ ಅರ್ಧ ಜೊಳ್ಳು. ಕಣದಲ್ಲಿ ತೂರುವಾಗ ಹೊಟ್ಟು ಹಾರಿ ಹಾರಿ ಬೇಲಿಯ ಮೇಲೆ ಕೂರುತ್ತಿದ್ದುದನ್ನು ದೊಡ್ಡಮ್ಮ ನೋಡಿದಳಂತೆ. ಮಾರನೆಯ ದಿನ ಮಳವಳ್ಳಿಗೆ ಹೋಗಿ ಉಳಿದಿದ್ದ ಎರಡು ವಿಷಯಕ್ಕೆ ಪರೀಕ್ಷೆ ಕಟ್ಟಿ ಬಂದಳು. ಯಾಕೆಂದು ಕೇಳಿದರೆ, ‘ಕಲ್ತದ್ದು ದಿಟವೋ ಸುಳ್ಳೋ ಯಾರಾರ ನೋಡ್ಬೇಕಲ್ಲ ಮಗ’ ಎಂದಳು.

ಪರೀಕ್ಷೆಯ ದಿನ ಕೊಠಡಿಯ ಬಾಗಿಲಲ್ಲಿ ಮೇಲ್ವಿಚಾರಕರು ತಡೆದರಂತೆ. ‘ಮಗೂನ ಬಿಟ್ಟು ಆಚೆ ಹೋಗಮ್ಮ, ಒಳಗೆ ಬರೋ ಹಂಗಿಲ್ಲ.’ ದೊಡ್ಡಮ್ಮ ಪ್ರವೇಶಪತ್ರ ಅವರ ಮುಖಕ್ಕೆ ಹಿಡಿದು, ‘ನಾನೇ ಮಗ ಕಣಪ್ಪ, ನಂಬರ್ ನೋಡು’ ಎಂದಳಂತೆ. ಫಲಿತಾಂಶ ಬಂತು. ಗಣಿತ ಮತ್ತೆ ಫೇಲು. ಸಮಾಜದಲ್ಲಿ ಅವಳಿಗೆ ನನಗಿಂತ ನಾಲ್ಕು ಅಂಕ ಜಾಸ್ತಿ. ಇದನ್ನು ನಮ್ಮಮ್ಮ ನನ್ನ ಮದುವೆಯ ದಿನವೂ ನೆಂಟರಿಗೆ ಹೇಳುತ್ತಿದ್ದಳು.

‘ಗಣಿತ ಇನ್ನೊಂದ್ಸಲ ಕಟ್ಟು ದೊಡ್ಡಮ್ಮ’ ಎಂದರೆ, ‘ಅದು ಯಾರಿಗ್ ಬೇಕು? ನಂಗ್ ಬೇಕಾಗಿದ್ದು ಮ್ಯಾಪು. ಬಂತು,’ ಎಂದುಬಿಟ್ಟಳು.

ಆ ಬೇಸಿಗೆಯಲ್ಲಿ ಅವಳು ನಾಲೆಯ ಕಚೇರಿಗೆ ಹೋದಳು. ಮೊದಲ ಸಲ ಸಾಹೇಬರಿಲ್ಲ ಎಂದರು. ಎರಡನೆಯ ಸಲ ನಕ್ಷೆ ಇಲ್ಲ ಎಂದರು. ಮೂರನೆಯ ಸಲ ನಕ್ಷೆ ಇದೆ, ತೋರಿಸುವ ಹಾಗಿಲ್ಲ ಎಂದರು. ನಾಲ್ಕನೆಯ ಸಲ ನನ್ನನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಬುತ್ತಿ ಬಿಚ್ಚಿ ಗುಮಾಸ್ತರಿಗೂ ಚಿತ್ರಾನ್ನ ಕೊಟ್ಟಳು. ನನಗೆ ನಾಚಿಕೆಯಿಂದ ಸಾಯುವಂತಾಗಿತ್ತು. ‘ಹೋಗೋಣ ಬಾ ದೊಡ್ಡಮ್ಮ’ ಎಂದು ನಾನು ಸೆರಗೆಳೆದದ್ದು ಎಷ್ಟು ಸಲವೋ. ಮಧ್ಯಾಹ್ನ ಮೂರರ ಹೊತ್ತಿಗೆ ಸಾಹೇಬರೇ ಒಳಗೆ ಕರೆದರು, ಬೇಸತ್ತು. ಅದೇ ಸಾಹೇಬರು. ಮೇಜಿನ ಮೇಲೆ ಅದೇ ನಕ್ಷೆ.

ದೊಡ್ಡಮ್ಮ ಅವರ ಎದುರಿಗೆ ನಿಲ್ಲಲಿಲ್ಲ. ಮೇಜು ಸುತ್ತಿಕೊಂಡು ಅವರ ಕುರ್ಚಿಯ ಪಕ್ಕಕ್ಕೇ ಹೋಗಿ ನಿಂತಳು. ಮೊದಲು ಮೂಲೆಯಲ್ಲಿದ್ದ ಬಾಣ ನೋಡಿ ಉತ್ತರ, ಅವಳ ಮಾತಿನಲ್ಲಿ ಬಡಗಲು, ಯಾವ ಕಡೆಗೆಂದು ಗುರುತು ಮಾಡಿಕೊಂಡಳು. ಕಾಲುವೆಯ ಗೆರೆ ಹಿಡಿದು ಒಂದೊಂದೇ ಊರು ದಾಟಿ ಬಂದಳು. ಅವಳ ಊರು ಕಾಗದದ ಮೇಲ್ತುದಿಯಲ್ಲಿತ್ತು.

‘ಮ್ಯಾಲೆ ಬರ್ದವ್ರೆ ಅಂತ ಎತ್ತರ ಅಂದ್ರಾ ಸ್ವಾಮಿ? ಅದು ಬಡಗಲು ಅಷ್ಟೇಯ. ಈ ಅಂಕಿ ಓದಿ. ಇಲ್ಲಿಗಿಂತ ಇಲ್ಲಿ ಕಮ್ಮಿ. ಇಲ್ಲಿಗಿಂತ ಇಲ್ಲಿ ಇನ್ನೂ ಕಮ್ಮಿ. ಎಲ್ಲಾಕ್ಕಿಂತ ಕಮ್ಮಿ ನಮ್ಮೂರ್ದು. ತಗ್ಗಿಗೆ ಅರೀದಿದ್ರೆ ನೀರು ಇನ್ನೆಲ್ಲಿಗೆ ಅರೀತದೆ?’

ಸಾಹೇಬರು ಕನ್ನಡಕ ಹಾಕಿಕೊಂಡು ಅಂಕಿಗಳನ್ನು ನೋಡಿದರು. ಆ ಕ್ಷಣಕ್ಕೆ ನನಗೆ ಅನ್ನಿಸಿದ್ದು ಇದು: ಅವರು ಸುಳ್ಳು ಹೇಳಿರಲಿಲ್ಲ, ಅವರಿಗಿಂತ ಹಿಂದಿನವರು ಹೇಳಿದ್ದನ್ನೇ ಹೇಳಿದ್ದರು. ನಕ್ಷೆಯನ್ನು ಅವರೂ ಓದಿರಲಿಲ್ಲ.

‘ಎಲ್ಲೀವರೆಗೆ ಓದಿದೀರಿ?’ ಎಂದು ಮೆಲ್ಲಗೆ ಕೇಳಿದರು.

‘ಎಸ್ಸೆಸ್ಸೆಲ್ಸಿ ಫೇಲು,’ ಎಂದಳು ದೊಡ್ಡಮ್ಮ. ಡಾಕ್ಟರು ಎಂದು ಹೇಳುವವರೂ ಅಷ್ಟು ಗತ್ತಿನಿಂದ ಹೇಳುವುದನ್ನು ನಾನು ಕೇಳಿಲ್ಲ.

ಮುಂದಿನ ವಾರ ಸಾಹೇಬರು ಕಾಲುವೆಯ ಉದ್ದಕ್ಕೂ ನಡೆದರು, ದೊಡ್ಡಮ್ಮ ಮತ್ತು ಊರಿನ ಹೆಂಗಸರು ಬೆನ್ನಿಗೆ ನಡೆದರು. ಮೇಲಿನ ಊರುಗಳ ಬಳಿ ಮೂರು ಕಡೆ, ನಕ್ಷೆಯಲ್ಲಿಲ್ಲದ, ನೀರು ಕದಿಯುವ ತೂಬುಗಳು ಸಿಕ್ಕವು. ಮುಚ್ಚಿಸಿದರು. ಆ ಮುಂಗಾರಿನಲ್ಲಿ ನೀರು ಬಂತು. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಮಾರನೆಯ ವರ್ಷ ಒಂದು ತೂಬು ಮತ್ತೆ ಬಾಯಿ ತೆರೆಯಿತು. ಅವಳು ಮತ್ತೆ ಹೋದಳು. ಸಾಹೇಬರುಗಳು ಬದಲಾದರು, ಅವಳು ಬದಲಾಗಲಿಲ್ಲ. ಒಬ್ಬರಂತೂ ಅವಳು ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ಕಂಡು, ‘ನಕ್ಷೆ ತೆಗೀರಪ್ಪ’ ಎಂದು ಕೂಗುತ್ತಿದ್ದರಂತೆ.

ಈಗ ಅವಳಿಗೆ ಮಂಡಿ ನೋವು, ಕಣ್ಣೂ ಮಂಜು. ನಾನು ಸಮಾಜ ವಿಜ್ಞಾನದ ಟೀಚರಾಗಿ ಇಪ್ಪತ್ತು ವರ್ಷ ದಾಟಿದೆ. ನೈಲಿನ ಉದ್ದ ಈಗಲೂ ಬಾಯಿಗೆ ಬರುತ್ತದೆ. ಆದರೆ ಯಾವ ಕಚೇರಿಯಲ್ಲೂ ಗಟ್ಟಿಯಾಗಿ ಒಂದು ಮಾತಾಡಿದವಳಲ್ಲ. ಹೊರಗೆ ಬಂದ ಮೇಲೆ ಹೀಗೆ ಹೇಳಬೇಕಿತ್ತು ಎಂದುಕೊಳ್ಳುವ ಜಾತಿ ನನ್ನದು.

ಹೋದ ವಾರ ಗುತ್ತಲಿನ ನಮ್ಮ ಬೀದಿಯವರ ಸಭೆಯಿತ್ತು. ಬೀದಿಯ ಹಿಂದಿನ ಹಳ್ಳದ ಪಕ್ಕ ಯಾರೋ ಹೊಸ ಬಡಾವಣೆ ಮಾಡುತ್ತಿದ್ದಾರೆ, ಹಳ್ಳಕ್ಕೆ ಮಣ್ಣು ಸುರಿಯುವ ಲಾರಿಗಳೂ ಬಂದಿವೆ. ಅದು ಮುಚ್ಚಿದರೆ ಮಳೆನೀರು ನಮ್ಮ ಮನೆಗಳಿಗೇ ನುಗ್ಗುತ್ತದೆ. ಹಿಂದಿನ ದಿನ ದೊಡ್ಡಮ್ಮನಿಗೆ ಫೋನು ಮಾಡಿ ಹೇಳಿದ್ದೆ. ‘ಮ್ಯಾಪ್ನ ಅವ್ರ ಕಡೆ ನಿಂತ್ಕಂಡ್ ನೋಡ್ಬ್ಯಾಡ ಮಗ. ಮಳೆ ಬಂದಾಗ ನೀನು ಎಲ್ಲಿರ್ತೀಯೋ ಅಲ್ಲಿಂದ ನೋಡು,’ ಎಂದಿದ್ದಳು.

ಬಡಾವಣೆಯ ಕಡೆಯ ಎಂಜಿನಿಯರು ಬಣ್ಣದ ನಕ್ಷೆ ಹರಡಿದ. ಪಾರ್ಕು ಇತ್ತು, ರಸ್ತೆ ಇತ್ತು, ಸೈಟುಗಳಿದ್ದವು. ಹಳ್ಳ ಇರಲಿಲ್ಲ.

ನಾನು ಎದ್ದು ನಿಂತೆ. ‘ಹಳ್ಳ ಎಲ್ಲಿ?’

‘ಅದು ಹಳ್ಳ ಅಲ್ಲ ಮೇಡಂ, ಚರಂಡಿ. ಅದೇನು ಗಂಗಾನದಿಯಾ?’ ಎಂದ. ಕುರ್ಚಿಗಳಲ್ಲಿ ಸಣ್ಣ ನಗು ಎದ್ದಿತು.

‘ಗಂಗೆಗೂ ಇಂಥವೇ ಸಾವಿರ ಹಳ್ಳ ಸೇರಬೇಕು,’ ಎಂದೆ. ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ಮೇಜಿನ ಹತ್ತಿರ ಹೋಗಿ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಬ್ಯಾಗಿನಿಂದ ತೆಗೆದು, ನಮ್ಮ ಬೀದಿಯ ಬೆನ್ನಿನಿಂದ ಹಿಡಿದು ಹನ್ನೊಂದು ಸೈಟುಗಳ ಮೇಲೆ ಹಾದು ಪಾರ್ಕಿನವರೆಗೆ ಹಳ್ಳವನ್ನು ಎಳೆದೆ. ತಿರುವು ಇರುವಲ್ಲಿ ತಿರುಗಿಸಿದೆ.

‘ಮೇಡಂ, ಮೇಡಂ! ಇದು ಒರಿಜಿನಲ್ಲು!’ ಎಂದು ಅವನು ಕೈ ಅಡ್ಡ ತಂದ.

‘ಹಳ್ಳವೂ ಒರಿಜಿನಲ್ಲೇ,’ ಎಂದೆ.

ಈ ಸಲ ನಗು ನನ್ನ ಕಡೆಗಿತ್ತು. ಲಾರಿಗಳು ಸದ್ಯಕ್ಕೆ ನಿಂತಿವೆ. ಮತ್ತೊಮ್ಮೆ ಅಳತೆ ಮಾಡಲು ಸೋಮವಾರ ಬರುತ್ತಾರಂತೆ. ನಾನು ರಜೆ ಹಾಕಿದ್ದೇನೆ.