ಗಾಳಿ ಬಿಡು ಎಂದ ಮಾತು

ಬಾಳು, ನಿನ್ನ ಎಡಗಣ್ಣು ಹೋದದ್ದು ನಿನ್ನ ಮಾತಿನಿಂದಲ್ಲ, ನನ್ನ ಕೈಯಿಂದ. ಯಾವ ನಳ ತಿರುವಲು ನೀನು ಹೇಳಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದನ್ನು ತಿರುವಿದೆ. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಹಿಡಿಯಿತು — ನಾಚಿಕೆಯಾಗುತ್ತದೆ. ಆದರೆ ನನ್ನ ನಾಚಿಕೆ ಕಟ್ಟಿಕೊಂಡು ನಿನಗೇನಾಗಬೇಕು?

ಎಂಬತ್ತರ ದಶಕದ ಕೊನೆಯ ಮಾತು. ಕಾಗವಾಡದ ನಿಮ್ಮ ಮನೆಯ ಹಿತ್ತಲಲ್ಲಿ, ಡೀಸೆಲ್ ಇಲ್ಲದೆ ಕರೆಂಟ್ ಇಲ್ಲದೆ ಬರೀ ಗಾಳಿಯಿಂದ ಓಡುವ ಎಂಜಿನ್ ಕಟ್ಟುತ್ತೇನೆಂದು ಹಟ ಹಿಡಿದು ಕೂತವನು ನೀನು. ಹಳೆಯ ಸ್ಟೋವಿನ ಹಿತ್ತಾಳೆ ಕೊಳವೆಯೇ ಸಿಲಿಂಡರು, ಹೊಲಿಗೆ ಯಂತ್ರದ್ದು ಗಾಲಿ. ಗಾಳಿ ತುಂಬಲು ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಟಾಕಿ. ಗಾಳಿಗೋಪುರ ಕಟ್ಟುವವರನ್ನು ಕೇಳಿದ್ದೆ, ಗಾಳಿ ಎಂಜಿನ್ ಕಟ್ಟುವವರನ್ನು ಈಗ ನೋಡಿದೆ ಎಂದು ನಿಮ್ಮವ್ವ ನಗುತ್ತಿದ್ದಳು.

ಗಾಳಿ ಒಳಹೋಗುವ ಹೊತ್ತು ಕೂದಲೆಳೆಯಷ್ಟು ಹಿಂದುಮುಂದಾದರೂ ಗಾಲಿ ಒಂದೆರಡು ಸುತ್ತು ಬಂದು ನಿಂತುಬಿಡುತ್ತಿತ್ತು. ನೀನು ಅರ ಹಿಡಿದು ತಿಕ್ಕುತ್ತಿದ್ದೆ, ಸಾಬೂನಿನ ನೊರೆ ಹಚ್ಚಿ ಎಲ್ಲಿ ಸೋರುತ್ತದೆ ನೋಡುತ್ತಿದ್ದೆ, ತೊಗಲಿನ ವಾಶರನ್ನು ಶೇಂಗಾ ಎಣ್ಣೆಯಲ್ಲಿ ನೆನೆಸುತ್ತಿದ್ದೆ. ನಾನು? ನಾನು ಸೈಕಲ್ ಪಂಪು ಹೊಡೆಯುತ್ತಿದ್ದೆ. ಟಾಕಿಗೆ ಎರಡು ನಳ — ಒಂದು ಎಂಜಿನ್ನಿಗೆ, ಒಂದು ಹೊರಕ್ಕೆ. ಎಂಜಿನ್ನಿನ ನಳವನ್ನು ನೀನು ಒಮ್ಮೆಯೂ ನನ್ನ ಕೈಗೆ ಕೊಡಲಿಲ್ಲ. ಬೆವರು ನನ್ನದು, ಓಡಿಸುವ ಸುಖ ನಿನ್ನದು. ನಾನು ಮೇಲೆ ನಗುನಗುತ್ತಲೇ ಇದ್ದೆ, ಒಳಗೆ ಕುದಿಯುತ್ತಿದ್ದೆ.

ಆ ದಿನ ಟಾಕಿಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಮಷಿನ್ ಗಾಳಿ ತುಂಬಿಸಿದೆವು. ಅದೂ ನನ್ನದೇ ಬುದ್ಧಿ. ಮನೆಗೆ ತಂದು ಜೋಡಿಸಿದ ಮೇಲೆ ನೀನು ಟಾಕಿಯನ್ನು ಬೆರಳಿನಿಂದ ತಟ್ಟಿ, ಗಾಳಿ ಅತಿಯಾಯಿತೆಂದು ಮುಖ ಸಣ್ಣದು ಮಾಡಿದೆ. ಗಾಲಿಯ ಪಿನ್ನು ಇನ್ನೂ ಬಿಗಿಯಾಗಿರಲಿಲ್ಲ. ಅದರ ಮೇಲೆ ಬಗ್ಗಿಕೊಂಡೇ ನೀನು ಅಂದೆ:

“ಗಾಳಿ ಬಿಡು ಲೇ, ಒಂದೀಟ.”

ಕಬ್ಬಿಗೆ ನೀರು ಬಿಡು ಎಂದರೆ ಒಳಗೆ ಬಿಡುವುದು, ಟಯರಿನ ಗಾಳಿ ಬಿಡು ಎಂದರೆ ಹೊರಗೆ ಬಿಡುವುದು. ಮಾತು ಒಂದೇ. ಆದರೆ ನೀನು ಗದ್ದ ಎತ್ತಿ ಹೊರಗಿನ ನಳದ ಕಡೆ ತೋರಿಸಿದ್ದೆ. ನಾನು ನೋಡಿದೆ. ಬಾಳು, ನಾನದನ್ನು ನೋಡಿದೆ — ನೋಡಿಯೂ, ಒಂದೇ ಒಂದು ಸಲ ನನ್ನ ಕೈಯಿಂದ ಓಡಲಿ ಎಂದು...

ಗಾಲಿ ತಿರುಗಿತು. ಅಂಥ ಓಟವನ್ನು ಅದು ಎಂದೂ ಓಡಿರಲಿಲ್ಲ. ನನಗೆ ಖುಷಿಯಾಯಿತು — ಇದನ್ನೂ ಹೇಳಿಬಿಡಬೇಕು — ನೀನು ಚೀರುವವರೆಗೂ ನನಗೆ ಖುಷಿಯೇ ಆಗಿತ್ತು. ಪಿನ್ನು ಸಿಡಿದು ನಿನ್ನ ಕಣ್ಣಿಗೆ ಬಡಿದಿತ್ತು.

ಮಿರಜದ ಆಸ್ಪತ್ರೆಯಲ್ಲಿ ನಿಮ್ಮಪ್ಪ ನನ್ನ ತೋಳು ಹಿಡಿದು ಏನಾಯಿತೆಂದು ಕೇಳಿದರು. “ಅಂವ ಗಾಳಿ ಬಿಡು ಅಂದ್ರಿ ಕಾಕಾ. ನಾ ಬಿಟ್ಟೆ,” ಅಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅದು ಇಷ್ಟು ವರ್ಷ ಬಾಳಿತು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ನೀನು ನನ್ನನ್ನು ಪೂರ್ತಿ ಉಳಿಸಿದೆ.

“ನಂದ ತಪ್ಪೈತಿ ಅಪ್ಪಾ. ಹೊರಗ ಬಿಡು ಅನಬೇಕಾಗಿತ್ತು.”

ನಾನು ತಲೆ ತಗ್ಗಿಸಿ ನಿಂತಿದ್ದೆ. ಪಾಪ, ಗೆಳೆಯನಿಗೆ ಎಷ್ಟು ಸಂಕಟ ಎಂದರು ಜನ.

ನೀನು ಮತ್ತೆ ಎಂಜಿನ್ ಮುಟ್ಟಲಿಲ್ಲ. ಆ ಮಾತನ್ನೂ ಮುಟ್ಟಲಿಲ್ಲ. ಕಬ್ಬಿಗೆ ನೀರು ಹಾಯಿಸು ಎನ್ನುತ್ತೀ, ಕರುವನ್ನು ಆಕಳಿಗೆ ಹಚ್ಚು ಎನ್ನುತ್ತೀ, ‘ಬಿಡು’ ಎಂಬುದು ಮಾತ್ರ ನಿನ್ನ ಬಾಯಲ್ಲಿ ಬರುವುದಿಲ್ಲ. ಅದೇನು ವ್ರತವೋ ಎಂದು ಊರವರು ಚಾಷ್ಟಿ ಮಾಡುತ್ತಾರೆ. ಆ ನಗೆಯಲ್ಲಿ ನಾನೂ ಸೇರಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು...

ಈಗ ಸಕ್ಕರೆ ಕಾಯಿಲೆ ನಿನ್ನ ಬಲಗಣ್ಣಿಗೂ ಬಂದಿದೆ. ಆ ಕಣ್ಣೂ ಉಳಿಯುವ ಭರವಸೆಯಿಲ್ಲವಂತೆ. ಮೊನ್ನೆ ಹೇಳಿಯೇ ತೀರುತ್ತೇನೆಂದು ಬಂದೆ. ನಿನ್ನ ಹೊಸ್ತಿಲಲ್ಲಿ ನಿಂತೆ. ನೀನು ನನ್ನ ಸದ್ದಿನ ಕಡೆ ತಿರುಗಿ, ಕೂತುಕೊಳ್ಳಲು ಗದ್ದ ಎತ್ತಿ ಮಂಚ ತೋರಿಸಿದೆ. ಅದೇ ಗದ್ದ, ಅದೇ ಎತ್ತುವಿಕೆ. ಚಹಾ ಕುಡಿದು, ಹೇಡಿಯಂತೆ ಎದ್ದು ಬಂದೆ.

ನಾಳೆ ಮತ್ತೆ ಬರುತ್ತೇನೆ. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂರುತ್ತೇನೆ, ನಿನಗೆ ಇನ್ನೂ ಒಂದಿಷ್ಟು ಕಾಣುವಾಗಲೇ. ಇದನ್ನು ಹೇಳುವವನ ಮುಖ ನೀನು ನೋಡಬೇಕು. ಕ್ಷಮಿಸು ಎನ್ನುವುದಿಲ್ಲ, ಆ ಬಾಯಿ ನನಗಿಲ್ಲ. ಇಷ್ಟೇ ಹೇಳುತ್ತೇನೆ — ಬಾಳು, ಅವತ್ತು ನೀನು ಸರಿಯಾಗಿಯೇ ಹೇಳಿದ್ದೆ.