ಬಂಗಾರಮ್ಮ ಗಾಡಿ ಹತ್ತಲಿಲ್ಲ

ವಾಕಿಂಗ್ ಶುರು ಮಾಡಿದ ಮೊದಲ ದಿನವೇ ನಾನು ಡಾಕ್ಟರ ಕಣ್ಣಿಗೆ ಬಿದ್ದೆ. ಹೊಸ ಬಿಳಿ ಬೂಟು ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಬೀದಿಗೆ ಇಳಿದಿದ್ದೆನಷ್ಟೆ, ಪಕ್ಕದಲ್ಲಿ ಬೈಕೊಂದು ಬಂದು ನಿಂತಿತು. "ಯಾಕಣ್ಣ ನಡ್ಕಂಡು ಒಂಟ್ಬುಟ್ಟೆ? ಗಾಡಿ ಕೆಟ್ಟೋಯ್ತಾ? ಅತ್ತು ಅತ್ತು" ಎಂದ ಸೊಪ್ಪಿನ ವ್ಯಾಪಾರದ ನಂಜಪ್ಪ. ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹತ್ತಿ ಕೂತಾಗಿತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಅವನು ನನ್ನನ್ನು ಇಳಿಸಿದಾಗ, ನಡೆಯದಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಹೆಚ್ಚಿಸುತ್ತೇನೆಂದು ಹಿಂದಿನ ಸಂಜೆಯಷ್ಟೇ ಹೆದರಿಸಿದ್ದ ಡಾಕ್ಟರು ಅಲ್ಲೇ ಟೀ ಕುಡಿಯುತ್ತಿದ್ದರು. ಬೂಟು ನೋಡಿದರು, ಬೈಕು ನೋಡಿದರು. "ಬೇಗ ಬಂದ್ರಲ್ಲ" ಎಂದರು.

ತಪ್ಪು ನನ್ನೊಬ್ಬನದೇ ಅಲ್ಲ. ತಾಳವಾಡಿಯಲ್ಲಿ ಗೊತ್ತಿದ್ದವರು ಗಾಡಿ ನಿಲ್ಲಿಸಿ 'ಅತ್ತು' ಎಂದರೆ ಹತ್ತಬೇಕು. ಹತ್ತದಿದ್ದರೆ ಮನೆಗೆ ಬಂದು ನೀರು ಮುಟ್ಟದೆ ಎದ್ದುಹೋದ ಹಾಗೆ, ಮುನಿಸು ಎಂದೇ ಲೆಕ್ಕ. ಊರೇನೋ ಅಂಗೈಯಷ್ಟಗಲ. ಡೈರಿ, ಗುಡಿ, ಸಂತೆ, ಆಸ್ಪತ್ರೆ, ಎಲ್ಲವೂ ನಡೆದರೆ ಮುಗಿಯುವ ದೂರ. ನಡೆಯಲು ಮಾತ್ರ ಯಾರೂ ಬಿಡುವುದಿಲ್ಲ.

ಬಿಡದವರನ್ನೆಲ್ಲ ಗೆದ್ದು ನಡೆಯುವವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ, ಪಕ್ಕದ ಮನೆಯ ಬಂಗಾರಮ್ಮ. ಅರವತ್ತು ದಾಟಿದೆ. ಕೈಯಲ್ಲೊಂದು ವೈರ್ ಬ್ಯಾಗು, ಕಾಲಲ್ಲಿ ಹವಾಯಿ ಚಪ್ಪಲಿ. ಬೆಳಗಿನ ಮಂಜಿನಲ್ಲಿ ಹೊರಟರೆಂದರೆ ಊರು ಅವರಿಗಾಗಿಯೇ ಒಂದೊಂದಾಗಿ ಹುಟ್ಟುತ್ತ ಬರುತ್ತದೆ: ಮೊದಲು ಬೇವಿನ ಮರ, ಆಮೇಲೆ ಗುಡಿಯ ಗೋಡೆ, ಆಮೇಲೆ ಗೋಡೆಗೆ ಒರಗಿ ನಿಂತ ಹಸು. ಸಕ್ಕರೆ ಕಾಯಿಲೆ ಅವರಿಗೂ ಇದೆ, ಆದರೆ ಅವರ ಮನೆಯ ಬೆಕ್ಕಿನ ಹಾಗೆ ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಮಂಡಿ ನೋವಿಲ್ಲ. ರಾತ್ರಿ ತಲೆ ದಿಂಬಿಗೆ ತಾಗಿದರೆ ನಿದ್ದೆ. ನಾನು ಆ ಹೊತ್ತಿನಲ್ಲಿ ಸೂರಿನ ಹೆಂಚು ನೋಡುತ್ತಿರುತ್ತೇನೆ.

ಆ ಕಾರ್ತಿಕದಲ್ಲಿ ಬಂಗಾರಮ್ಮನ ಮಗಳು ಶಿವರಂಜನಿಗೂ ಆ ತುದಿಯ ಬೀದಿಯ ವೃಷಭೇಂದ್ರನಿಗೂ ಮದುವೆ ಮಾತು ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ. ಅಂಥ ಹೊತ್ತಿನಲ್ಲಿ, ಮೂಗಿನ ಮುಂದಿನದೂ ಕಾಣದಂಥ ಮಂಜಿನ ಒಂದು ಬೆಳಗ್ಗೆ, ಹುಡುಗನ ಅಪ್ಪ ಚನ್ನಬಸವ ವೈರ್ ಬ್ಯಾಗಿನ ಗುರುತು ಹಿಡಿದು ಬೈಕು ನಿಲ್ಲಿಸಿದರಂತೆ.

"ಅತ್ಗಳಿ ಬಂಗಾರಕ್ಕ, ಬುಟ್ಬುಟ್ಟು ಓಯ್ತೀನಿ."

"ಬ್ಯಾಡ ಕಣಣ್ಣ, ನೀವು ನಡೀರಿ."

ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು, ಸಂಜೆಗೆ ಸುದ್ದಿ ದಿಂಬಂ ಘಾಟಿಯ ಟೀ ಅಂಗಡಿಗಳಿಗೂ ಹತ್ತಿತು. ಹೆಣ್ಣಿನ ಕಡೆಯವರಿಗೆ ಸಂಬಂಧ ಬೇಡವಾಗಿದೆ, ಬೀಗರ ಗಾಡಿಯನ್ನೇ ಹತ್ತಲಿಲ್ಲವಂತೆ! ಬಂಗಾರಮ್ಮನನ್ನು ಯಾಕೆಂದು ಯಾರೂ ಕೇಳಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಚನ್ನಬಸವರ ಮನೆಯಿಂದ ಮಾತು ಬರುವುದು ನಿಂತಿತು. ಶಿವರಂಜನಿ ಊಟದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುವಂತಾದಳು.

"ಒಂದ್ ಗಳಿಗೆ ಕೂತ್ಗಂಡು ಬಂದಿದ್ರೆ ನಿನ್ ಗಂಟೇನು ಓಯ್ತಿತ್ತವ್ವ?" ಎಂದು ಅವಳು ಅತ್ತದ್ದು ಗೋಡೆಯಾಚೆ ನನಗೂ ಕೇಳಿಸಿತು.

ಮರುದಿನ ನನಗೊಂದು ಬುದ್ಧಿ ಹೊಳೆಯಿತು. ನನಗೆ ಬುದ್ಧಿ ಹೊಳೆದಾಗಲೆಲ್ಲ ಮನೆಯವರು ಹೆದರುತ್ತಾರೆ. ಬಂಗಾರಮ್ಮ ಗಾಡಿ ಹತ್ತುವವರೇ ಎಂದು ತೋರಿಸಿಬಿಟ್ಟರೆ ಮುನಿಸು ಕರಗುವುದಿಲ್ಲವೆ? ಬಂಗಾರಕ್ಕನನ್ನು ಬಲವಂತವಾಗಿ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚನ್ನಬಸವರ ಜಗಲಿಯ ಮುಂದೆಯೇ ಹಾರನ್ ಹೊಡೆದು ಇಳಿಸಿದೆ.

ಚನ್ನಬಸವ ಎದ್ದು ನಿಂತರು. ನನ್ನ ಸ್ಕೂಟರಿನತ್ತ ಬೆರಳು ಚಾಚಿದರು. "ಓಹೋ. ಗುರುಮೂರ್ತಿ ಡಕೋಟ ಗಾಡಿ ಆಯ್ತದೆ. ನಮ್ದು ಮಾತ್ರ ಆಗಲ್ಲ!"

ನಾನು ಸ್ಕೂಟರಿನ ಹಿಂದೆ ಅಡಗಲು ನೋಡಿದೆ. ನನ್ನ ಹೊಟ್ಟೆ ಅಡಗಲಿಲ್ಲ. ಬಂಗಾರಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, "ಮಗಳ ಮಾತು ಆಡ್ಬೇಕು ಕಣಣ್ಣ. ಕುಂತ್ಗಂಡ್ರೆ ಜಗಳ ಆಯ್ತದೆ. ಬನ್ನಿ, ನಡ್ಕಂಡು ಆಡಮ" ಎಂದರು.

ಆ ಮನುಷ್ಯ ಎದುರು ಮನೆಗೂ ಬೈಕಿನಲ್ಲೇ ಹೋಗುವವರು. ಬಂಗಾರಮ್ಮ ಆಗಲೇ ಹೊರಟಿದ್ದರಿಂದ, ಬೈಯಲಾದರೂ ಜೊತೆಗೆ ಹೋಗಲೇಬೇಕಾಯಿತು. ನಾನು ಸ್ಕೂಟರ್ ತಳ್ಳಿಕೊಂಡು ಹಿಂದೆ ನಡೆದೆ.

ಮಂಜು ಆಗಷ್ಟೇ ಹರಿಯುತ್ತಿತ್ತು. ಕೋಸಿನ ಮೂಟೆ ತುಂಬಿದ ಲಾರಿ ಹಸಿ ಮಣ್ಣಿನ ವಾಸನೆ ಚೆಲ್ಲಿ ಹೋಯಿತು. ಬಸ್‌ಸ್ಟ್ಯಾಂಡಿನಿಂದ "ಪೋಲಾಂ ಪೋಲಾಂ" ಎಂದು ತಮಿಳಿನಲ್ಲಿ ರೈಟ್ ಕೊಡುವ ಕಂಡಕ್ಟರನ ಕೂಗು ಯಾವುದೋ ಬೇರೆ ಊರಿನಿಂದ ಬಂದಂತೆ ತೇಲಿ ಬಂತು. ಮೊದಲ ಬೀದಿಯಲ್ಲಿ ಚನ್ನಬಸವ ಬೈದರು. ಎರಡನೆಯದರಲ್ಲಿ ಬೈಯಲು ಉಸಿರು ಸಾಲಲಿಲ್ಲ. ಕೆರೆಯ ಕಡೆಗೆ ತಿರುಗಿದಾಗ ನೀರು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿರಲಿಲ್ಲ. ನಾವು ಮೂವರೂ ಯಾರದೋ ನಿದ್ದೆಯೊಳಗೆ ಚಪ್ಪಲಿ ಸದ್ದು ಮಾಡದೆ ನಡೆಯುತ್ತಿದ್ದೇವೆ ಅನ್ನಿಸಿತು. ಚನ್ನಬಸವ ನಿಂತರು.

"ಈ ಅತ್ತಿ ಮರ ಇನ್ನೂ ಅದಾ ಇಲ್ಲಿ? ಉಡುಗ್ರಾಗಿದ್ದಾಗ ಅತ್ತಿದ್ದು."

"ಅದೆಲ್ಲೂ ಓಗಿಲ್ಲ. ನೀವೇ ಓಗಿದ್ರಿ" ಎಂದರು ಬಂಗಾರಮ್ಮ.

ಆಮೇಲೆ ಮಾತು ತಾನಾಗಿಯೇ ಮಕ್ಕಳ ಕಡೆಗೆ ಹೊರಳಿತು. ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅವರು, ಹುಡುಗಿಯೂ ಅಷ್ಟೇ ಎಂದು ಇವರು. ಬಂಗಾರಮ್ಮನ ಮನೆ ತಲುಪುವಾಗ ಬರುವ ಸೋಮವಾರ ದಿನ ನೋಡಿಸುವುದೆಂದು ಮಾತಾಗಿತ್ತು. ಶಿವರಂಜನಿ ಒಳಗಿನಿಂದ ಇಣುಕಿದವಳು ಕಾಫಿ ಇಡಲು ಓಡಿದಳು. ಚನ್ನಬಸವ ಮೆಟ್ಟಿಲ ಮೇಲೆ ಕುಸಿದು, ಬೆವರು ಒರೆಸಿಕೊಂಡು, ಹಗುರಾದ ಮುಖದಲ್ಲಿ ಕೇಳಿದರು:

"ಅಲ್ಲ ಬಂಗಾರಕ್ಕ, ಸಿಟ್ಟಿಲ್ಲ ಅಂದ್ಮೇಲೆ ಅವತ್ತು ನನ್ ಗಾಡಿ ಯಾಕೆ ಅತ್ಲಿಲ್ಲ?"

"ಇದೇ ಮೆಟ್ಲು ಮೇಲೆ ನಿಂತಿದ್ದೆ ಕಣಣ್ಣ. ಬಾಗ್ಲು ಬೀಗ ತೆಗೀತಿದ್ದೆ."