ಮಗ್ಗದ ಕೈಗೆ ಅಂಟಿಸಿದ ಉಗುರು

ಅವತ್ತು ಆದದ್ದು ಇಷ್ಟೇ: ಮೊಮ್ಮಗಳ ಕೈ ಚೆಂದ ಮಾಡುತ್ತೇವೆ ಅಂತ ಹೋಗಿ, ಆ ಕೈಯ ಕಸುಬನ್ನು ನಾವೇ ಮುಚ್ಚಿಟ್ಟೆವು. ಉಳಿದದ್ದೆಲ್ಲ ನೆಪ.

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿದೆ. ಅದರಲ್ಲಿ ಕೂರುವವಳು ಮೊಮ್ಮಗಳು. ಮಗ್ಗದವರು ಉಗುರು ಬಿಡುವಂತಿಲ್ಲ. ಕತ್ತರಿಸಿ, ಕಲ್ಲಿಗೆ ಉಜ್ಜಿ, ಕೆನ್ನೆಗೆ ಸವರಿ ನೋಡಬೇಕು; ಚುಚ್ಚಿದರೆ ರೇಷ್ಮೆ ಮುಟ್ಟಬಾರದು. ಅದಕ್ಕೇ ಅವಳ ಉಗುರು ಯಾವಾಗಲೂ ಬೋಳು, ಬೆರಳ ತುದಿ ಗಟ್ಟಿ.

ಚಳ್ಳಕೆರೆಯ ಎಣ್ಣೆ ಗಿರಣಿಯವರ ಮನೆಗೆ ಅವಳ ಸಂಬಂಧ ನಿಶ್ಚಯವಾಗಿತ್ತು. ಅವರೂ ನಮ್ಮವರೇ, ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ಗಿರಣಿ ಹಾಕಿದವರು. ನನ್ನ ಸೊಸೆ ಅವರ ಹತ್ತಿರ, "ನಮ್ಮ ಹುಡುಗಿ ಮಗ್ಗ ಮುಟ್ಟಿಲ್ಲ, ಅದಕ್ಕೆಲ್ಲ ಆಳುಗಳಿದಾರೆ" ಅಂದುಬಿಟ್ಟಿದ್ದಳು. ದೀಪಾವಳಿಗೆ ಅವರು ಹಾಲ್‌ನಲ್ಲಿ ಪಾರ್ಟಿ ಇಟ್ಟು ಕರೆದಾಗ ಸೊಸೆಗೆ ದಿಗಿಲು. ಬೆರಳು ನೋಡಿದರೆ ಸುಳ್ಳು ಗೊತ್ತಾಗುತ್ತದಲ್ಲ.

ಪಾರ್ಟಿಯ ದಿನ ಮಧ್ಯಾಹ್ನವೇ ಚಳ್ಳಕೆರೆಯ ಬ್ಯೂಟಿ ಪಾರ್ಲರ್‌ಗೆ ಹೋದೆವು. ಅಲ್ಲಿನ ಹುಡುಗಿ ಒಂದು ಹಲಗೆ ತಂದಿಟ್ಟಳು. ಅದರ ಮೇಲೆ ಸಾಲಾಗಿ ಪ್ಲಾಸ್ಟಿಕ್ ಉಗುರುಗಳು, ಹೆಣದ ಬೆರಳಿಂದ ಕಿತ್ತು ಜೋಡಿಸಿದ ಹಾಗೆ. ಕೆಂಪು, ಗಿಳಿ ಹಸಿರು, ತುದಿ ಮಾತ್ರ ಬಿಳಿ, ಮಿಣಮಿಣ ಹರಳಿನವು. ಹೇಸಿಗೆಯಾಗಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಅಜ್ಜಿ, ನಿಮಗೂ ಹಾಕ್ಲಾ?" ಅಂದಳು ಆ ಹುಡುಗಿ.

"ಹಾಕವ್ವ, ತಿಪ್ಪೆ ಕೆದರಾಕೆ ಬರ್ತೈತೆ."

"ಅತ್ತೆ, ನೀವು ಸುಮ್ನಿರ್ರಿ. ದೊಡ್ಡೋರ ಪಾರ್ಟಿ ಇದು," ಅಂದಳು ಸೊಸೆ.

ಮೊಮ್ಮಗಳು ಬಿಳಿ ತುದಿಯದನ್ನು ತೋರಿಸಿದಳು. ಅದರಲ್ಲಿ ಚಿಕ್ಕವು ಸಿಗುತ್ತಿದ್ದವು. ಸೊಸೆ ಉದ್ದದವೇ ಬೇಕು, ಹರಳೂ ಬೇಕು ಅಂದಳು. ಮೊಮ್ಮಗಳ ಸ್ವಂತ ಉಗುರನ್ನು ಮಿಷನ್ನಿನಲ್ಲಿ ತೇಯ್ದರು. ಬಿಳಿ ಪುಡಿ ಹಾರಿತು, ಗೋಂದು ಘಾಟು ಹೊಡೆಯಿತು. ಹಿಂದೆ ಬಂದವರ ಕೈ ಒರೆಸಿದ ಟವೆಲ್ಲಿನಲ್ಲೇ ಇವಳ ಕೈಯನ್ನೂ ಒರೆಸಿದರು. ಆಮೇಲೆ ಮೊಮ್ಮಗಳಿಗೆ ಸೀರೆಯ ಪಿನ್ನು ಚುಚ್ಚಿಕೊಳ್ಳಲೂ ಬರಲಿಲ್ಲ. ಬಚ್ಚಲಿಗೆ ಹೋಗಲೂ ಅವಳ ಅವ್ವನೇ ಜೊತೆಗೆ ಹೋಗಬೇಕಾಯಿತು. ಥೂ!

ಹಾಲ್‌ನಲ್ಲಿ ಬೀಗತಿ, ಹುಡುಗನ ಅವ್ವ, ನಗುನಗುತ್ತಾ ಬಂದು ಸೆರಗು ಚಾಚಿದಳು. "ನಿಮ್ಮೂರಿಂದೇ ಸೀರೆ ಕಣಮ್ಮ, ನೋಡು."

ಮೊಮ್ಮಗಳು ಮುಟ್ಟಿದಳು. ಹರಳು ಸಿಕ್ಕಿಕೊಂಡು ಗೇಣುದ್ದ ಎಳೆ ಈಚೆ ಬಂತು.

"ಅಲ್ಲಾಡ್ಬೇಡ್ರಿ," ಅಂದವಳೇ ಹೆಬ್ಬೆರಳಿಗೆ ಅಂಟಿಸಿದ ಉಗುರನ್ನು ಹಲ್ಲಿನಿಂದ ಕಚ್ಚಿ ಕಿತ್ತು ಉಗಿದಳು. ಬೋಳಾದ ಬೆರಳ ತುದಿಯಿಂದ ಎಳೆಯನ್ನು ಸವರಿ ಸವರಿ ಮತ್ತೆ ಒಳಗೆ ಕೂರಿಸಿದಳು. ಎಲ್ಲಿ ಬಿಟ್ಟಿತ್ತು ಅಂತ ಹುಡುಕಬೇಕು, ಹಾಗೆ.

"ಅಬ್ಬಾ, ಪಳಗಿದ ಕೈ! ಎಲ್ಲಿ ಕಲ್ತೆ?" ಅಂದಳು ಬೀಗತಿ.

"ಮೊಬೈಲ್‌ನಾಗೆ ನೋಡಿ ಕಲ್ತಿದಾಳೆ ಕಣ್ರಿ," ಅಂದಳು ಸೊಸೆ, ಮಗಳು ಬಾಯಿ ತೆರೆಯುವ ಮೊದಲೇ.

ಹುಡುಗಿ ತಲೆ ತಗ್ಗಿಸಿದಳು. ನಾನು ಪಕ್ಕದಲ್ಲೇ ಬಾಯಿ ತುಂಬ ಲಾಡು ಇಟ್ಟುಕೊಂಡು ಕೂತಿದ್ದೆ. ನುಂಗಿ, ಇನ್ನೊಂದು ಲಾಡು ಬಾಯಿಗಿಟ್ಟೆ. ಆ ಹಲಗೆ ನೋಡಿದಾಗ ಬಂದ ಹೇಸಿಗೆ ಏನೂ ಅಲ್ಲ. ನನ್ನ ಮೇಲೆ ನನಗೆ ಬಂತಲ್ಲ, ಅದು ಹೇಸಿಗೆ.

ವಾಪಸು ಬರುವಾಗ ಮೊಮ್ಮಗಳು ಒಂದೇ ಮಾತು ಕೇಳಿದಳು: "ಅಜ್ಜಿ, ಮದ್ವೆ ಆದ್ಮೇಲೂ ಹಿಂಗೇ ಮುಚ್ಕಂಡಿರ್ಬೇಕಾ?"

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಬೀಗತಿ ಬಾಗಿಲಿಗೆ ನೀರು ಹಾಕುತ್ತಿದ್ದಳು. "ನಮ್ಮ ಹುಡುಗಿ ಮಗ್ಗದೋಳು," ಅಂದೆ. "ಸೊಸೆ ಹೇಳಿದ್ದು ಸುಳ್ಳು. ಕೇಳಿ ಸುಮ್ನಿದ್ದ ನಾನೂ ಸುಳ್ಳಿಯೇ. ಮದ್ವೆ ಆದ್ಮೇಲೂ ಅವಳು ಮಗ್ಗದಾಗೆ ಕೂರ್ತಾಳೆ. ಒಪ್ಪಿಗೆ ಐತಾ ಇಲ್ವಾ, ಈಗ್ಲೇ ಹೇಳ್ರಿ."

ಆಕೆ ಒಳಗೆ ಕರೆದಳು. ನಾನು ಹೊಸಿಲು ದಾಟಲಿಲ್ಲ. ಉತ್ತರ ಬರಲಿ ಅಂತ ಜಗುಲಿಯ ಮೇಲೆ ಕೂತೆ.